ಮಗುವಿನ ಫೈಲಿನಲ್ಲಿ ತಪ್ಪಿದ್ದರೆ ತಿದ್ದಬೇಕಾದವರು ಯಾರು?

ಹೋದ ವರ್ಷ ದಸರಾ ರಜೆಗೆ ಮುಂಚೆ ನನ್ನ ತಂಗಿಯ ಮಗನ ಶಾಲೆಯಿಂದ ನಾಲ್ಕು ಪುಟದ ಒಂದು ವರದಿ ಬಂತು. ಅವನಿಗೆ ಒಂಬತ್ತು ವರ್ಷ. ಮಾತು ಚುರುಕು, ಲೆಕ್ಕ ಬಾಯಲ್ಲೇ ಮಾಡುತ್ತಾನೆ. ಆದರೆ ಪುಸ್ತಕ ತೆರೆದರೆ ಒತ್ತಕ್ಷರ ಬಂದ ಕಡೆಯೆಲ್ಲ ನಿಂತುಬಿಡುತ್ತಾನೆ. ಅವನಿಗೆ ಕಲಿಕಾ ನ್ಯೂನತೆ ಇದೆ ಎಂದು ತಜ್ಞರು ನೋಡಿ ಹೇಳಿದ್ದಾರೆ. ಅವನಿಗಾಗಿಯೇ ಶಾಲೆ ಮಾಡಿದ ಕಲಿಕಾ ಯೋಜನೆ ಅದು.

ಎರಡನೇ ಪುಟದಲ್ಲಿ ಹೀಗಿತ್ತು: 'ಅವಳು ಈಗ ಗೆರೆಯ ಮೇಲೆ ಕತ್ತರಿ ಹಿಡಿದು ಕಾಗದ ಕತ್ತರಿಸುತ್ತಾಳೆ.'

ಅವನು ಅವಳು ಹೇಗಾದ? ಟೈಪ್ ಮಾಡುವಾಗ ಆದ ತಪ್ಪು ಎಂದುಕೊಂಡು ಮುಂದೆ ಓದಿದೆವು. ಮುಂದಿನ ಆರು ತಿಂಗಳ ಗುರಿ ಎಂದು ಬರೆದಿದ್ದು ಅಂಗಿಯ ಗುಂಡಿ ಹಾಕಿಕೊಳ್ಳುವುದು, ಬಣ್ಣ ಗುರುತಿಸುವುದು. ಇವನು ಎರಡನ್ನೂ ಮೂರು ವರ್ಷದವನಿದ್ದಾಗಲೇ ಕಲಿತಿದ್ದ. ಒತ್ತಕ್ಷರದ ಬಗ್ಗೆ ಒಂದು ಸಾಲೂ ಇರಲಿಲ್ಲ. ಯಾವುದೋ ಬೇರೆ ಮಗುವಿನ ಯೋಜನೆಗೆ ಇವನ ಹೆಸರು ಹಾಕಿದ್ದರು. ಹೇಳಿದಾಗ ಶಾಲೆಯವರು ಒಪ್ಪಿಕೊಂಡರು, ಮುಂದಿನ ಸಲ ಸರಿ ಮಾಡುತ್ತೇವೆ ಎಂದರು. ಸಂಕ್ರಾಂತಿ ಬಂದರೂ ಅದೇ ಕಾಗದ ಅದೇ ಫೈಲಿನಲ್ಲಿತ್ತು.

ತಪ್ಪು ಯಾರಿಂದಲಾದರೂ ಆಗುತ್ತದೆ. ನನ್ನನ್ನು ಕಾಡಿದ್ದು ಆ ಮೂರು ತಿಂಗಳು. ತಿದ್ದಬೇಕಾದವರು ಯಾರು, ಎಷ್ಟು ದಿನದೊಳಗೆ ತಿದ್ದಬೇಕು, ತಿದ್ದದಿದ್ದರೆ ಯಾರನ್ನು ಕೇಳಬೇಕು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಇಂಥ ಫೈಲು ಹಿಡಿದು ಓಡಾಡುವ ಅಪ್ಪ ಅಮ್ಮಂದಿರು ಜಾಸ್ತಿ ಆಗುತ್ತಿದ್ದಾರೆ. ಹಾಗಾಗಿ ಮೊದಲಿನಿಂದ ವಿವರಿಸುತ್ತೇನೆ.

ಮೊದಲು ಕೆಲವು ಪದಗಳು

ಶಾಲೆಯ ಕಾಗದಗಳಲ್ಲಿ 'ವಿಶೇಷ ಅಗತ್ಯವುಳ್ಳ ಮಗು' ಎಂದು ಬರೆಯುತ್ತಾರೆ. ಕಣ್ಣು, ಕಿವಿ, ಕೈಕಾಲು, ಮಾತು, ಕಲಿಕೆ, ನಡವಳಿಕೆ, ಇವುಗಳಲ್ಲಿ ಯಾವುದೋ ಒಂದು ಕಾರಣಕ್ಕೆ ಸ್ವಲ್ಪ ಬೇರೆ ರೀತಿಯ ನೆರವು ಬೇಕಾದ ಮಗು ಎಂದು ಅರ್ಥ. ಇಂಥ ಮಕ್ಕಳನ್ನು ಬೇರೆ ಮಕ್ಕಳ ಜೊತೆಗೇ ಕೂರಿಸಿ ಕಲಿಸುವುದಕ್ಕೆ ನಮ್ಮ ಇಲಾಖೆ 'ಸಮನ್ವಯ ಶಿಕ್ಷಣ' ಎನ್ನುತ್ತದೆ.

ಇದರ ಹಿಂದಿರುವ ದೊಡ್ಡ ಕಾನೂನು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಇದಕ್ಕೆ ಮುಂಚೆ 1995ರ ಕಾಯ್ದೆ ಇತ್ತು. ಅದರಲ್ಲಿ 7 ಬಗೆಯ ನ್ಯೂನತೆಗಳು ಮಾತ್ರ ಇದ್ದವು. ಈಗ 21 ಇವೆ. ಆಟಿಸಂ, ಕಲಿಕಾ ನ್ಯೂನತೆ ಎಲ್ಲ ಸೇರಿದ್ದು ಈ ಹೊಸ ಪಟ್ಟಿಗೆ. ಅದಕ್ಕೇ ಹಳೆಯ ಶಿಕ್ಷಕರಿಗೆ ಕೆಲವು ಹೆಸರುಗಳು ಇನ್ನೂ ಹೊಸದು.

'ಬೆಂಚ್‌ಮಾರ್ಕ್' ಎಂಬ ಮಾತು ಆಗಾಗ ಕೇಳುತ್ತೀರಿ. ನ್ಯೂನತೆ 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಎಂದು ವೈದ್ಯಕೀಯ ಪ್ರಾಧಿಕಾರ ದೃಢಪಡಿಸಿದರೆ ಅದು ಬೆಂಚ್‌ಮಾರ್ಕ್ ನ್ಯೂನತೆ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಉನ್ನತ ಶಿಕ್ಷಣದಲ್ಲಿ ಮೀಸಲು ಸೀಟು, ಇವೆಲ್ಲ ಈ 40ರ ಗೆರೆಗೆ ಕಟ್ಟಿಕೊಂಡಿವೆ. 'ಯುಡಿಐಡಿ' ಎಂದರೆ ಈ ಪ್ರಮಾಣಪತ್ರದ ಜೊತೆ ಬರುವ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಪಡೆಯಬೇಕು.

ಇನ್ನು ಐಇಪಿ. ಇದು ಒಂದೇ ಮಗುವಿಗಾಗಿ ಬರೆದ ಕಲಿಕಾ ಯೋಜನೆ. ಟೈಲರ್ ಅಂಗಡಿಯ ಅಳತೆ ಪುಸ್ತಕವನ್ನು ನೆನೆಸಿಕೊಳ್ಳಿ. ರೆಡಿಮೇಡ್ ಅಂಗಿ ಎಲ್ಲರಿಗೂ ಒಂದೇ ಅಳತೆ. ಟೈಲರ್ ಆದರೆ ನಿಮ್ಮ ಭುಜ, ತೋಳು, ಎದೆ ಅಳೆದು ಬರೆದುಕೊಳ್ಳುತ್ತಾನೆ. ಐಇಪಿಯೂ ಹಾಗೆಯೇ. ಮಗು ಈಗ ಏನು ಮಾಡಬಲ್ಲದು, ಆರು ತಿಂಗಳಲ್ಲಿ ಏನು ಕಲಿಯಬೇಕು, ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ಹೊತ್ತು, ಕಲಿತಿದೆಯೇ ಎಂದು ಹೇಗೆ ತಿಳಿಯುವುದು ಎಂಬುದೆಲ್ಲ ಅದರಲ್ಲಿ ಇರಬೇಕು. ಹೋದ ವರ್ಷದ ಅಳತೆಯಲ್ಲಿ ಈ ವರ್ಷದ ಯುಗಾದಿಗೆ ಅಂಗಿ ಹೊಲಿದರೆ ಏನಾಗುತ್ತದೆ? ಪಕ್ಕದ ಮನೆ ಮಗುವಿನ ಅಳತೆಯಲ್ಲಿ ಹೊಲಿದರೆ? ನಮ್ಮ ಹುಡುಗನಿಗೆ ಆದದ್ದು ಎರಡನೆಯದು.

ಒಂದು ಮಾತು ಗಮನದಲ್ಲಿರಲಿ. ಈ ಪದ್ಧತಿ ಹುಟ್ಟಿದ್ದು ಅಮೆರಿಕದಲ್ಲಿ, 1975ರ ಒಂದು ಕಾನೂನಿನಿಂದ. ಅಲ್ಲಿ ಐಇಪಿ ಎನ್ನುವುದು ಶಾಲೆಯನ್ನು ಕಟ್ಟಿಹಾಕುವ ಕಾನೂನಿನ ದಾಖಲೆ. ನಮ್ಮ 2016ರ ಕಾಯ್ದೆಯಲ್ಲಿ ಆ ಹೆಸರು ಇಲ್ಲ. ಮಗುವಿಗೆ ಬೇಕಾದ ವೈಯಕ್ತಿಕ ನೆರವು ಕೊಡಬೇಕು, ಪ್ರತಿ ಮಗುವಿನ ಪ್ರಗತಿಯ ಮೇಲೆ ಕಣ್ಣಿಡಬೇಕು ಎಂದು 16ನೇ ಸೆಕ್ಷನ್ ಹೇಳುತ್ತದೆ. ಆ ಕೆಲಸ ಆಗುತ್ತಿದೆ ಎಂದು ತೋರಿಸಲು ಶಾಲೆಯ ಕೈಯಲ್ಲಿರುವ ಕಾಗದ ಐಇಪಿ. ಹಾಗಾಗಿ 'ಐಇಪಿ ಕಾನೂನಿನಲ್ಲಿ ಇಲ್ಲವಲ್ಲ' ಎಂದು ಯಾರಾದರೂ ಹೇಳಿದರೆ, ಆ ಹೆಸರು ಇಲ್ಲ ಎನ್ನುವುದು ಮಾತ್ರ ನಿಜ. ಕೆಲಸವನ್ನು ಕಾನೂನೇ ಹೇಳಿದೆ.

ತಪ್ಪುಗಳು ಎಲ್ಲಿ ನುಸುಳುತ್ತವೆ

ಮಗುವಿನ ಫೈಲಿನಲ್ಲಿ ಸಾಮಾನ್ಯವಾಗಿ ಯುಡಿಐಡಿ ಅಥವಾ ವೈದ್ಯಕೀಯ ಪ್ರಮಾಣಪತ್ರ, ನಿಮ್ಹಾನ್ಸ್‌ನಂಥ ಕಡೆ ಮಾಡಿಸಿದ ಮೌಲ್ಯಮಾಪನ ವರದಿ, ಐಇಪಿ, ಥೆರಪಿ ನಡೆದ ದಿನಗಳ ಹಾಜರಿ, ಪ್ರಗತಿ ವರದಿ ಇರುತ್ತವೆ. ಇವುಗಳ ಜೊತೆಗೆ ಕಾಣದ ಎರಡು ಕಡತಗಳಿವೆ. ಒಂದು ಕರ್ನಾಟಕದ ಸ್ಯಾಟ್ಸ್, ಇನ್ನೊಂದು ಕೇಂದ್ರದ ಯುಡೈಸ್ ಪ್ಲಸ್. ಎರಡೂ ಕಂಪ್ಯೂಟರಿನಲ್ಲಿ ಇರುತ್ತವೆ. ಪ್ರತಿ ವಿದ್ಯಾರ್ಥಿಗೆ ನ್ಯೂನತೆ ಇದೆಯೇ, ಇದ್ದರೆ ಯಾವುದು ಎಂದು ಶಾಲೆ ಅಲ್ಲಿ ತುಂಬಬೇಕು.

ಎಲ್ಲಕ್ಕಿಂತ ಜಾಸ್ತಿ ತಪ್ಪು ಆಗುವುದು ಹೆಸರಿನಲ್ಲಿ. ನಮ್ಮ ಕಡೆ ಇನಿಶಿಯಲ್ ಒಂದು ಕಾಗದದಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಲಕ್ಷ್ಮಿ ಎಂದು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆಯಬಹುದು. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಯುಡಿಐಡಿಯಲ್ಲಿ ಮತ್ತೊಂದು. ಕಂಪ್ಯೂಟರಿಗೆ ಇವರು ಮೂರು ಬೇರೆ ಮಕ್ಕಳು.

ಎರಡನೆಯದು ಹೆಚ್ಚು ಅಪಾಯದ್ದು. ಕಲಿಕಾ ನ್ಯೂನತೆ ಎಂದು ಹಾಕಬೇಕಾದ ಕಡೆ ಬೌದ್ಧಿಕ ನ್ಯೂನತೆ ಎಂದು ಹಾಕುವುದು. ಕೇಳಲು ಹತ್ತಿರದ ಪದಗಳು. ಪಟ್ಟಿಯಲ್ಲಿ ಒಂದರ ಕೆಳಗೆ ಒಂದು ಬಂದರೆ ಬೆರಳು ಜಾರಿ ಹೋಗುತ್ತದೆ. ಆದರೆ ಅರ್ಥ ಪೂರ್ತಿ ಬೇರೆ. ಕಲಿಕಾ ನ್ಯೂನತೆ ಇರುವ ಮಗುವಿಗೆ ಓದುವುದು, ಬರೆಯುವುದು, ಕಾಗುಣಿತ, ಲೆಕ್ಕ, ಇವುಗಳಲ್ಲಿ ತೊಡಕು ಇರುತ್ತದೆ. ಬುದ್ಧಿಯ ಮಟ್ಟ ಎಲ್ಲರಂತೆಯೇ ಇರಬಹುದು. ಬೌದ್ಧಿಕ ನ್ಯೂನತೆಯಲ್ಲಿ ಯೋಚಿಸುವ ಶಕ್ತಿ, ದಿನನಿತ್ಯದ ಕೆಲಸ ನಿಭಾಯಿಸುವ ಶಕ್ತಿ ಎರಡರಲ್ಲೂ ಮಿತಿ ಇರುತ್ತದೆ. ಇಬ್ಬರಿಗೂ ಗೌರವ ಒಂದೇ, ಬೇಕಾದ ಪಾಠ ಬೇರೆ. ಒಂದು ತಪ್ಪು ಕ್ಲಿಕ್ಕಿನಿಂದ ಒಬ್ಬ ಹುಡುಗಿಗೆ ಅವಳು ಎಂದೋ ಕಲಿತದ್ದನ್ನೇ ವರ್ಷವಿಡೀ ಕಲಿಸಬಹುದು.

ಮೂರನೆಯದು ನಮಗೆ ಆದದ್ದು, ಒಂದು ಮಗುವಿನ ಯೋಜನೆಯನ್ನು ಇನ್ನೊಂದಕ್ಕೆ ನಕಲು ಮಾಡುವುದು. ಹೋದ ವರ್ಷದ್ದನ್ನೇ ಈ ವರ್ಷಕ್ಕೆ ನಕಲು ಮಾಡುವುದೂ ಉಂಟು, ಅದನ್ನು ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಹೋದ ವರ್ಷದ ಪ್ರತಿ, ಈ ವರ್ಷದ ಪ್ರತಿ ಪಕ್ಕಪಕ್ಕ ಇಟ್ಟು ಓದಿ. 'ಈಗ ಮಗು ಏನು ಮಾಡಬಲ್ಲದು' ಎಂಬ ಭಾಗ ಅಕ್ಷರ ಬಿಡದೆ ಒಂದೇ ಇದ್ದರೆ, ಯಾರೂ ಮಗುವನ್ನು ಹೊಸದಾಗಿ ನೋಡಿಲ್ಲ ಎಂದರ್ಥ.

ದಿನಾಂಕದ ತಪ್ಪುಗಳೂ ಉಂಟು. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಒಮ್ಮೆ ಮಾಡಿಸಿದರೆ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ಕೇಂದ್ರದ 2018ರ ಮಾರ್ಗಸೂಚಿಯಲ್ಲಿ 8, 14 ಮತ್ತು 18ನೇ ವಯಸ್ಸಿನಲ್ಲಿ ಮಾಡಿಸಬೇಕು ಎಂದಿತ್ತು. 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ ಎಂದೂ ಇತ್ತು. 2024ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ, ಈಗಿನ ನಿಯಮ ಕೇಳಿಕೊಳ್ಳಿ. 14 ಎಂದರೆ ಎಂಟು, ಒಂಬತ್ತನೇ ತರಗತಿಯ ವಯಸ್ಸು. ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಾಗ ಹಳೆಯ ಕಾಗದ ಹಿಡಿದು ಓಡುವ ಪರಿಸ್ಥಿತಿ ಇಲ್ಲಿಂದಲೇ ಶುರುವಾಗುತ್ತದೆ.

ಕೊನೆಗೆ, ನಡೆಯದ್ದನ್ನು ನಡೆದಿದೆ ಎಂದು ಬರೆಯುವುದು. ವಾರಕ್ಕೆ ಎರಡು ದಿನ ಮಾತಿನ ತರಬೇತಿ ಎಂದು ಹಾಜರಿ ಇರುತ್ತದೆ, ಆ ದಿನ ಶಾಲೆಗೇ ರಜೆ ಇದ್ದಿರುತ್ತದೆ. ಇದು ತಪ್ಪಿನ ಸಾಲಿಗೆ ಸೇರುವುದಿಲ್ಲ. ಇದು ಸುಳ್ಳು ದಾಖಲೆ.

ಸಣ್ಣ ತಪ್ಪು ಪರೀಕ್ಷಾ ಕೊಠಡಿವರೆಗೆ ಹೋಗುವುದು ಹೇಗೆ

ಜಮೀನಿನ ಪಹಣಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಸಲ ಪಹಣಿಯಲ್ಲಿ ಹೆಸರು ತಪ್ಪಾದರೆ ಬ್ಯಾಂಕಿನವರು ಅದನ್ನೇ ನೋಡಿ ಬರೆದುಕೊಳ್ಳುತ್ತಾರೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಅದನ್ನೇ. ಹತ್ತು ವರ್ಷದ ಮೇಲೆ ಮಾರಲು ಹೋದಾಗ ಎಲ್ಲ ಕಡೆ ಒಂದೇ ತಪ್ಪು. ಎಲ್ಲರೂ 'ದಾಖಲೆಯಲ್ಲಿ ಹೀಗೇ ಇದೆ' ಎನ್ನುತ್ತಾರೆ. ಮೂಲ ತಪ್ಪಿಗೆ ಹತ್ತು ಸಾಕ್ಷಿ ಹುಟ್ಟಿಕೊಂಡಿರುತ್ತವೆ.

ಶಾಲೆಯಲ್ಲೂ ಇದೇ. ಮೂರನೇ ತರಗತಿಯಲ್ಲಿ ಸ್ಯಾಟ್ಸ್‌ನಲ್ಲಿ 'ನ್ಯೂನತೆ ಇಲ್ಲ' ಎಂದು ಹಾಕಿದ್ದಾರೆ ಎಂದುಕೊಳ್ಳೋಣ. ಆಗ ಮಗು ಲೆಕ್ಕಕ್ಕೆ ಬರುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಒಬ್ಬ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಖರ್ಚು ಮಾಡಲು ಅವಕಾಶ ಇದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ಪ್ರೋತ್ಸಾಹಧನ ಇದೆ. ಪಟ್ಟಿಯಲ್ಲಿ ಹೆಸರೇ ಇಲ್ಲದ ಮಗುವಿನ ಪಾಲು ಯೋಜನೆಯಲ್ಲಿ ಸೇರುವುದು ಹೇಗೆ? ಬ್ಲಾಕಿನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು, ಭೇಟಿ ಮಾಡಬೇಕಾದ ಮಕ್ಕಳ ಪಟ್ಟಿಯಲ್ಲೂ ಅದು ಕಾಣುವುದಿಲ್ಲ.

ವರ್ಷಗಳು ಹೋಗುತ್ತವೆ. ಹತ್ತನೇ ತರಗತಿ ಬರುತ್ತದೆ. ಹೆಚ್ಚು ಸಮಯ, ಬರೆದುಕೊಡಲು ಲಿಪಿಕಾರ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇಂಥ ಬದಲಾವಣೆಗಳನ್ನು ಪರೀಕ್ಷೆಯಲ್ಲಿ ಮಾಡಬಹುದು ಎಂದು 2016ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಅದಕ್ಕೆ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು. ಅಲ್ಲಿ ಕಾಗದಕ್ಕೂ ಕಂಪ್ಯೂಟರಿಗೂ ತಾಳೆಯಾಗದಿದ್ದರೆ ಅರ್ಜಿ ವಾಪಸು ಬರಬಹುದು. ಅಷ್ಟು ಹೊತ್ತಿಗೆ ಪರೀಕ್ಷೆ ಬಾಗಿಲಲ್ಲಿ ಇರುತ್ತದೆ. ಮೂರನೇ ತರಗತಿಯಲ್ಲಿ ಒಂದು ಕ್ಲಿಕ್ಕು ಮಾಡಿದವರು ಬೇರೆ ಶಾಲೆಗೆ ವರ್ಗವಾಗಿ ಏಳು ವರ್ಷ ಆಗಿರುತ್ತದೆ.

ಪರೀಕ್ಷಾ ಕೊಠಡಿಯಲ್ಲೇ ಆದ ಒಂದು ತಪ್ಪಿನ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 2021ರ ಸೆಪ್ಟೆಂಬರ್‌ನಲ್ಲಿ ನೀಟ್ ಪರೀಕ್ಷೆ. ಬರವಣಿಗೆಯ ತೊಡಕು ಇದ್ದ ಒಬ್ಬ ವಿದ್ಯಾರ್ಥಿನಿಗೆ ಮೂರು ಗಂಟೆಯ ಮೇಲೆ ಒಂದು ಗಂಟೆ ಹೆಚ್ಚು ಸಿಗಬೇಕಿತ್ತು. ಪರೀಕ್ಷಾ ಕೇಂದ್ರದ ಸಿಬ್ಬಂದಿಗೆ ನಿಯಮ ಸರಿಯಾಗಿ ಗೊತ್ತಿರಲಿಲ್ಲ. ಎಲ್ಲರ ಉತ್ತರ ಪತ್ರಿಕೆ ತೆಗೆದುಕೊಂಡ ಹೊತ್ತಿಗೇ ಅವಳದನ್ನೂ ಕಸಿದುಕೊಂಡರು. ಅದೇ ನವೆಂಬರ್‌ನಲ್ಲಿ ತೀರ್ಪು ಬಂತು. ತಪ್ಪು ಕೇಂದ್ರದವರದ್ದು ಎಂದು ಹೇಳಿ ಪರೀಕ್ಷೆ ನಡೆಸುವ ಸಂಸ್ಥೆ ಕೈತೊಳೆದುಕೊಳ್ಳುವಂತಿಲ್ಲ, ಸಿಬ್ಬಂದಿಗೆ ತರಬೇತಿ ಕೊಡುವುದು ಅದರದ್ದೇ ಹೊಣೆ ಎಂದು ಕೋರ್ಟ್ ಹೇಳಿತು. ಒಂದು ವಾರದೊಳಗೆ ಪರಿಹಾರದ ದಾರಿ ಹುಡುಕಲು ಸೂಚಿಸಿತು. ಆದರೆ ಮರುಪರೀಕ್ಷೆ ಸಿಗಲಿಲ್ಲ. ಕಳೆದುಹೋದ ಆ ಒಂದು ಗಂಟೆಯನ್ನು ದೇಶದ ಅತಿ ದೊಡ್ಡ ಕೋರ್ಟಿಗೂ ವಾಪಸು ಕೊಡಲು ಆಗಲಿಲ್ಲ. ತಪ್ಪನ್ನು ಬೇಗ ತಿದ್ದಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಗೊತ್ತಾದ ಮೇಲೂ ಯಾಕೆ ತಿದ್ದುವುದಿಲ್ಲ?

ಇದಕ್ಕೆ ಉತ್ತರ ಹುಡುಕುವಾಗ ಶಿಕ್ಷಕರ ಕಡೆಯಿಂದಲೂ ನೋಡಬೇಕು. ಒಬ್ಬ ವಿಶೇಷ ಶಿಕ್ಷಕಿ ಎಷ್ಟು ಮಕ್ಕಳನ್ನು ನೋಡಿಕೊಳ್ಳಬೇಕು? ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ಎಂಬ ಲೆಕ್ಕವನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ಮತ್ತೆ ರಾಜ್ಯಗಳಿಗೆ ಹುದ್ದೆಗಳನ್ನು ಪ್ರಕಟಿಸುವಂತೆ ಆದೇಶಿಸಬೇಕಾಯಿತು. ಅಂದರೆ ಆ ಲೆಕ್ಕ ಇನ್ನೂ ಕಾಗದದಲ್ಲೇ ಇದೆ. ಒಬ್ಬರೇ ಇಡೀ ಬ್ಲಾಕಿನ ಶಾಲೆಗಳಿಗೆ ಓಡಾಡುವಾಗ, ಹಳೆಯ ಯೋಜನೆಯನ್ನು ತೆರೆದು ಹೆಸರು ಬದಲಿಸುವ ಆಸೆ ಹೇಗೆ ಹುಟ್ಟುತ್ತದೆ ಎಂದು ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಮಗುವಿನ ನಷ್ಟ ಕಡಿಮೆ ಆಗುವುದಿಲ್ಲ.

ಎರಡನೇ ಕಾರಣ ಭಯ. ತಿದ್ದಿದರೆ ತಪ್ಪು ಒಪ್ಪಿಕೊಂಡ ಹಾಗೆ, ಮೇಲಿನವರು ನೋಟಿಸ್ ಕೊಡುತ್ತಾರೆ ಎಂಬ ಅಂಜಿಕೆ. ಹಾಗಾಗಿ ಎಷ್ಟೋ ಕಡೆ ಸುಮ್ನೆ ಬಿಟ್ಟುಬಿಡುತ್ತಾರೆ.

ಮೂರನೆಯದು, ಕಾಗದಕ್ಕೆ ಯಜಮಾನ ಇಲ್ಲದಿರುವುದು. ಐಇಪಿ ಬರೆದವರು ವಿಶೇಷ ಶಿಕ್ಷಕಿ. ಸ್ಯಾಟ್ಸ್ ತುಂಬಿದವರು ಆಫೀಸಿನವರು. ಸಹಿ ಹಾಕಿದವರು ಮುಖ್ಯ ಶಿಕ್ಷಕರು. ಕೆಲವು ಕಲಂಗಳನ್ನು ಶಾಲೆಯ ಮಟ್ಟದಲ್ಲಿ ತಿದ್ದಲು ಬರುವುದೇ ಇಲ್ಲ, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಬೇಕು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಆದರೂ ಕೆಲಸ ಆಗುವುದಿಲ್ಲ.

ಹಾಗಾದರೆ ಹೊಣೆ ಯಾರದ್ದು?

ಹೊಣೆ ಎಂದ ತಕ್ಷಣ ಸಸ್ಪೆಂಡ್, ಡಿಸ್‌ಮಿಸ್ ಎಂಬ ಮಾತು ನಾಲಿಗೆಗೆ ಬರುತ್ತದೆ. ಮೂರು ಬಗೆಯ ಪ್ರಸಂಗಗಳನ್ನು ಬೇರೆ ಮಾಡಿ ನೋಡಿದರೆ ಒಳ್ಳೆಯದು. ಕೈತಪ್ಪು ಒಂದು. ಗೊತ್ತಾದ ಮೇಲೂ ತಿದ್ದದೆ ಬಿಟ್ಟದ್ದು ಇನ್ನೊಂದು. ಗೊತ್ತಿದ್ದೇ ಸುಳ್ಳು ಬರೆದದ್ದು ಮೂರನೆಯದು. ಮೊದಲನೆಯದಕ್ಕೆ ತಿದ್ದುಪಡಿ ಸಾಕು. ಎರಡನೆಯದಕ್ಕೆ ವಿವರಣೆ ಕೇಳಬೇಕು. ಮೂರನೆಯದಕ್ಕೆ ವಿಚಾರಣೆ ಬೇಕು. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಪ್ರಾಮಾಣಿಕ ಶಿಕ್ಷಕರೂ ತಪ್ಪನ್ನು ಮುಚ್ಚಿಡಲು ಶುರು ಮಾಡುತ್ತಾರೆ.

ಕಾನೂನಿನಲ್ಲಿ ಇದಕ್ಕೆ ನೆಲೆ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪ್ರತಿ ಮಗುವಿನ ಕಲಿಕಾ ಶಕ್ತಿಯನ್ನು ಅಳೆದು ಬೇಕಾದಷ್ಟು ಹೆಚ್ಚುವರಿ ಪಾಠ ಕೊಡಬೇಕು. ಪೋಷಕರನ್ನು ಆಗಾಗ ಕರೆದು ಹಾಜರಿ, ಕಲಿಕೆ, ಪ್ರಗತಿ ತಿಳಿಸಬೇಕು. ಇದನ್ನು ಮಾಡದಿದ್ದರೆ ಅವರಿಗೆ ಅನ್ವಯಿಸುವ ಸೇವಾ ನಿಯಮದಂತೆ ಶಿಸ್ತು ಕ್ರಮ ಆಗಬಹುದು. ಅದಕ್ಕೆ ಮುಂಚೆ ಅವರ ಮಾತು ಕೇಳಲೇಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಎರಡೂ ಕಡೆಗೆ ನ್ಯಾಯ ಇರುವ ಮಾತು ಇದು.

ವಿಶೇಷ ಶಿಕ್ಷಕರಿಗೆ ಇನ್ನೊಂದು ಲಗಾಮು ಇದೆ. ಅವರು 1992ರ ಕಾಯ್ದೆಯ ಕೆಳಗೆ ಬರುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಮಾಡಿಸಿರಬೇಕು. ಡಾಕ್ಟರಿಗೆ ನೋಂದಣಿ ಸಂಖ್ಯೆ ಇರುವಂತೆ ಇವರಿಗೂ ಇರುತ್ತದೆ. ಐಇಪಿಯ ಕೊನೆಯಲ್ಲಿ ಸಹಿಯ ಕೆಳಗೆ ಆ ಸಂಖ್ಯೆ ಇದೆಯೇ ನೋಡಿ.

ಶಾಲೆಯ ಹೊಣೆ ಇದಕ್ಕಿಂತ ದೊಡ್ಡದು. 2016ರ ಕಾಯ್ದೆಯ 16ನೇ ಸೆಕ್ಷನ್ ಸರ್ಕಾರದ ಹಣ ಪಡೆಯುವ ಶಾಲೆಗೂ, ಬರೀ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಅನ್ವಯಿಸುತ್ತದೆ. ರಾಜ್ಯ ಪಠ್ಯಕ್ರಮ ಇರಲಿ, ಸಿಬಿಎಸ್‌ಇ ಇರಲಿ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸುವುದೂ ಅದರಲ್ಲಿ ಬರೆದಿರುವ ಕರ್ತವ್ಯ. ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ ಎಂದು 89ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ 'ಆ ಟೀಚರ್ ಬಿಟ್ಟುಹೋದರು' ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ. ಟೀಚರ್ ಹೋದರೂ ಶಾಲೆ ಅಲ್ಲೇ ಇದೆ, ಫೈಲೂ ಅಲ್ಲೇ ಇದೆ.

ತಿದ್ದುವುದಕ್ಕೂ ಒಂದು ರೀತಿ ಇದೆ

ವೈಟ್ನರ್ ಹಚ್ಚಿ ಮೇಲೆ ಬರೆಯುವುದು ತಿದ್ದುಪಡಿಯಲ್ಲ. ಹಳೆಯ ಪುಟ ಹರಿದು ಹೊಸದು ಸೇರಿಸುವುದೂ ಅಲ್ಲ. ಒಂದೇ ಗೆರೆ ಎಳೆದು ಹೊಡೆದುಹಾಕಬೇಕು, ಹಳೆಯದು ಓದಲು ಬರುವಂತೆ ಇರಬೇಕು. ಪಕ್ಕದಲ್ಲಿ ಸರಿಯಾದದ್ದು, ದಿನಾಂಕ, ತಿದ್ದಿದವರ ಹೆಸರು, ಸಹಿ. ಮನೆ ಕರಾರು ಪತ್ರದಲ್ಲೂ ಹೀಗೇ ಮಾಡುತ್ತೇವೆ, ಅಲ್ವಾ? ಪೂರ್ತಿ ಯೋಜನೆಯೇ ತಪ್ಪಾಗಿದ್ದರೆ ಹೊಸದನ್ನು ಬರೆದು, 'ತಿದ್ದಿದ ಪ್ರತಿ' ಎಂದು ದಿನಾಂಕ ಹಾಕಿ, ಹಳೆಯದರ ಮೇಲೆ 'ರದ್ದು' ಎಂದು ಬರೆದು ಎರಡನ್ನೂ ಫೈಲಿನಲ್ಲಿ ಇಡಬೇಕು.

ಇಲ್ಲಿಗೆ ಅರ್ಧ ಕೆಲಸ ಆಯಿತು. ಹಳೆಯ ಪ್ರತಿ ಯಾರ್ಯಾರ ಕೈಗೆ ಹೋಗಿದೆ? ತರಗತಿ ಶಿಕ್ಷಕಿ, ಥೆರಪಿಸ್ಟ್, ಬಿಐಇಆರ್‌ಟಿ, ಪರೀಕ್ಷಾ ಮಂಡಳಿ. ಅವರೆಲ್ಲರಿಗೂ ತಿದ್ದಿದ ಪ್ರತಿ ತಲುಪಬೇಕು. ಶಾಲೆಗಳು ಹೆಚ್ಚು ಮರೆಯುವುದು ಇದನ್ನೇ. ಮೂಲದಲ್ಲಿ ಸರಿಯಾಗಿರುತ್ತದೆ, ಪಾಠ ಮಾಡುವವರ ಕೈಯಲ್ಲಿ ಹಳೆಯದೇ ಇರುತ್ತದೆ.

ಮೂರನೆಯದು ಮಗುವಿಗೆ ಆದ ನಷ್ಟ. ಆರು ತಿಂಗಳು ತಪ್ಪು ಪಾಠ ನಡೆದಿದ್ದರೆ, ಬಿಟ್ಟುಹೋದದ್ದನ್ನು ಯಾವಾಗ ಕಲಿಸುತ್ತೀರಿ ಎಂದು ಹೊಸ ಯೋಜನೆಯಲ್ಲಿ ಬರೆಸಬೇಕು. ಕೇಳದಿದ್ದರೆ ಇದನ್ನು ಯಾರೂ ತಾವಾಗಿ ಬರೆಯುವುದಿಲ್ಲ.

ತಪ್ಪು ಯುಡಿಐಡಿಯಲ್ಲೇ ಇದ್ದರೆ ಶಾಲೆಗೆ ಅದನ್ನು ತಿದ್ದುವ ಅಧಿಕಾರ ಇಲ್ಲ. ಹೆಸರು, ಜನ್ಮದಿನಾಂಕದ ತಪ್ಪಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲೇ ಅರ್ಜಿ ಹಾಕಬೇಕು. ಶೇಕಡಾವಾರು ಲೆಕ್ಕ ಅಥವಾ ನ್ಯೂನತೆಯ ಬಗೆ ಒಪ್ಪಿಗೆಯಾಗದಿದ್ದರೆ 59ನೇ ಸೆಕ್ಷನ್ ಕೆಳಗೆ ಮೇಲ್ಮನವಿಗೆ ಅವಕಾಶ ಇದೆ.

ಶಾಲೆ ತಿದ್ದದಿದ್ದರೆ ಯಾವ ಬಾಗಿಲು?

ಮೊದಲ ಬಾಗಿಲು ಮುಖ್ಯ ಶಿಕ್ಷಕರದ್ದು. ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ನಾವು ಕಳೆದುಕೊಂಡ ಮೂರು ತಿಂಗಳು ಹಾಗೇ ಹೋದದ್ದು. ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಸಮಿತಿಗೂ, ಅಂದರೆ ಎಸ್‌ಡಿಎಂಸಿಗೂ, ಒಂದು ಪ್ರತಿ ಕೊಡಿ. ಅಲ್ಲಿ ಪೋಷಕರೇ ಇರುತ್ತಾರೆ.

ಅಲ್ಲಿ ಆಗದಿದ್ದರೆ ನಿಮ್ಮ ಬ್ಲಾಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಆಮೇಲೆ ಜಿಲ್ಲೆಯ ಉಪನಿರ್ದೇಶಕರು (ಡಿಡಿಪಿಐ). ಬೆಂಗಳೂರು ನಗರದಲ್ಲಿ ಉತ್ತರ, ದಕ್ಷಿಣ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ನಿಮ್ಮ ಶಾಲೆ ಯಾವುದಕ್ಕೆ ಸೇರಿದೆ ಎಂದು ಮೊದಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಅರ್ಧ ದಿನ ಟ್ರಾಫಿಕ್‌ನಲ್ಲಿ ಹೋಗುತ್ತದೆ. ಕಚೇರಿಯಲ್ಲಿ ಅರ್ಜಿಯನ್ನು ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಆಗುವುದಿಲ್ಲ ಎಂದರೆ ಹಿಂಬರಹ ಕೇಳಿ. ಹಿಂಬರಹ ಎಂದರೆ ಯಾಕೆ ಆಗುವುದಿಲ್ಲ ಎಂದು ಅವರೇ ಬರೆದುಕೊಡುವ ಉತ್ತರ. ಮುಂದಿನ ಮೆಟ್ಟಿಲು ಹತ್ತಲು ಅದು ಬೇಕೇ ಬೇಕು.

ಏನಾಗಿದೆ ಎಂದೇ ಗೊತ್ತಾಗದಿದ್ದರೆ ಮಾಹಿತಿ ಹಕ್ಕು ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಸರ್ಕಾರಿ ಶಾಲೆಯ ದಾಖಲೆಗೆ ನೇರವಾಗಿ ಕೇಳಬಹುದು. ಖಾಸಗಿ ಶಾಲೆಯಾದರೆ ಬಿಇಒ ಕಚೇರಿಗೆ ಶಾಲೆ ಕೊಟ್ಟಿರುವ ಮಾಹಿತಿಯನ್ನು ಆ ಕಚೇರಿಯಿಂದ ಕೇಳಬಹುದು.

6ರಿಂದ 14 ವರ್ಷದ ಮಗುವಿನ ವಿಷಯದಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಕೆಳಗೆ ಸ್ಥಳೀಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ವಯಸ್ಸಿನ ಈ ಮಿತಿ ಇಲ್ಲದ ಇನ್ನೊಂದು ದಾರಿ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರ ಕಚೇರಿ. ಆಯುಕ್ತರಿಗೆ ಜನರನ್ನು ಕರೆಸುವ, ಕಾಗದ ತರಿಸುವ ವಿಷಯದಲ್ಲಿ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಅವರ ಶಿಫಾರಸಿನ ಮೇಲೆ ಏನು ಕ್ರಮ ಆಯಿತು ಎಂದು ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ತಿಳಿಸಬೇಕು.

ಇಷ್ಟೆಲ್ಲ ದೂರ ಹೋಗುವ ಅಗತ್ಯ ಎಲ್ಲರಿಗೂ ಬರುವುದಿಲ್ಲ. ನಮಗೆ ಬರಲಿಲ್ಲ. ಸಂಕ್ರಾಂತಿ ಆದ ಮೇಲೆ ತಂಗಿ ಒಂದು ಪುಟದ ಪತ್ರ ಬರೆದು ಕೊಟ್ಟಳು. ಒಂಬತ್ತನೇ ದಿನ ವಿಶೇಷ ಶಿಕ್ಷಕಿ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಓದಿಸಿ, ಹೊಸ ಯೋಜನೆ ಬರೆದರು. ಅದರ ಮೊದಲ ಗುರಿ ಒತ್ತಕ್ಷರ ಇರುವ ಇಪ್ಪತ್ತು ಪದಗಳು. ಪತ್ರ ಹೀಗಿತ್ತು. ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ.

'ಮುಖ್ಯ ಶಿಕ್ಷಕರಿಗೆ. ನನ್ನ ಮಗ ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದಾನೆ. ಅವನ ಕಲಿಕಾ ಯೋಜನೆಯ ಎರಡನೇ ಮತ್ತು ಮೂರನೇ ಪುಟದಲ್ಲಿರುವ ವಿವರಗಳು ಅವನದಲ್ಲ. ತಪ್ಪಿರುವ ಸಾಲುಗಳನ್ನು ಗುರುತು ಮಾಡಿದ ಪ್ರತಿ ಜೊತೆಗಿದೆ. ಅವನ ಮೌಲ್ಯಮಾಪನ ವರದಿಯೂ ಜೊತೆಗಿದೆ. ದಯವಿಟ್ಟು 15 ದಿನಗಳೊಳಗೆ ಯೋಜನೆಯನ್ನು ಹೊಸದಾಗಿ ಬರೆದು, ತಿದ್ದಿದ ಪ್ರತಿಯನ್ನು ನನಗೂ ಅವನಿಗೆ ಪಾಠ ಮಾಡುವ ಎಲ್ಲರಿಗೂ ಕೊಡಿ. ಸ್ಯಾಟ್ಸ್‌ನಲ್ಲಿ ಅವನ ನ್ಯೂನತೆಯ ಕಲಂ ಸರಿಯಾಗಿದೆಯೇ ಎಂದು ನೋಡಿ ಮುದ್ರಿತ ಪ್ರತಿ ಕೊಡಿ. ಜೂನ್‌ನಿಂದ ಕಲಿಯದೆ ಉಳಿದದ್ದನ್ನು ಯಾವಾಗ ಕಲಿಸಲಾಗುವುದು ಎಂದು ಬರೆದು ತಿಳಿಸಿ. ಈ ಪತ್ರ ತಲುಪಿದ್ದಕ್ಕೆ ಎರಡನೇ ಪ್ರತಿಯ ಮೇಲೆ ಸಹಿ, ದಿನಾಂಕ, ಶಾಲೆಯ ಮೊಹರು ಹಾಕಿಕೊಡಿ.'